ಕಣಜದ ಹುಳುವೂ ಊರಿನ ಹೆಸರೂ

ಕಣಜವೆಂಬ ಶಬ್ದಕ್ಕೆ ನಮ್ಮ ಭಾಷೆಯಲ್ಲಿ ಎರಡರ್ಥಗಳುಂಟು. ರೈತನು ಸುಗ್ಗಿಯ ಕಾಳನ್ನು ತುಂಬಿಡುವ ಉಗ್ರಾಣವೂ ಕಣಜವೇ. ನಡು ಸಣ್ಣಗಾಗಿ, ಮೈ ಹಳದಿ ಕೆಂಪು ಕಪ್ಪು ಬಣ್ಣಗಳಿಂದ ಕೂಡಿ, ಕೆಣಕಿದರೆ ಕುಟುಕುವ ಹುಳುವೂ ಕಣಜವೇ. ಮುಂಬಯಿಯಲ್ಲಿ ಹುಟ್ಟಿ ಬೆಳೆದ ನಮ್ಮ ಶಾಲೆಯ ಮಕ್ಕಳಲ್ಲಿ ಹೆಚ್ಚಿನವರಿಗೆ ಮೊದಲನೆಯ ಕಣಜವನ್ನು ಕಾಣುವ ಯೋಗವಿಲ್ಲ. ಎರಡನೆಯದು ಮಾತ್ರ ಯಾರಿಗೂ ತಪ್ಪಿದ್ದಲ್ಲ. ಚಾಳಿನ ಕಿಟಕಿಯ ಮೂಲೆಯಲ್ಲಿ, ನೀರಿನ ಟಾಕಿಯ ಕೆಳಗೆ, ಹಳೆಯ ಟ್ಯೂಬ್‌ಲೈಟಿನ ಪಟ್ಟಿಯ ಮೇಲೆ ಅದರ ಮನೆ ಇದ್ದೇ ಇರುತ್ತದೆ. ಕಂಡವರು ಮಾಡುವ ಮೊದಲ ಕೆಲಸವೆಂದರೆ ಪೊರಕೆಯನ್ನು ಹುಡುಕುವುದು. ಪೊರಕೆಗಿಂತ ಮೊದಲು ಪೆನ್ಸಿಲನ್ನು ಹುಡುಕಬೇಕೆಂಬುದು ನನ್ನ ವಾದ.

"ಹುಳುಗಳ ಲೆಕ್ಕ ಬರೆದರೆ ಅನ್ನ ಹುಟ್ಟುತ್ತದೆಯೇ?" ಎಂದು ಕೇಳುವವರಿದ್ದಾರೆ. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಈ ಮಹಾನಗರಕ್ಕೆ ಬಂದವರ ಬಾಯಿಂದ ಹೊರಡುವ ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕತಕ್ಕದ್ದಲ್ಲ. ಆದುದರಿಂದ ಅನ್ನದ ಮಾತಿನಿಂದಲೇ ಉತ್ತರವನ್ನು ಆರಂಭಿಸುತ್ತೇನೆ.

2008ರಲ್ಲಿ ಕೊಯಮತ್ತೂರಿನ ಪಪ್ಪಾಯಿ ತೋಟಗಳಲ್ಲಿ ಬಿಳಿಯ ಹಿಟ್ಟು ಚೆಲ್ಲಿದಂತೆ ಒಂದು ಕೀಟ ಕಾಣಿಸಿಕೊಂಡಿತು. ಇಂಥವುಗಳಿಗೆ ಹಿಟ್ಟು ತಿಗಣೆಗಳೆಂದು ಹೆಸರು. ಅದು ಪಪ್ಪಾಯಿಯನ್ನಷ್ಟೇ ಅಲ್ಲದೆ ರೇಷ್ಮೆ ಹುಳುವಿನ ಆಹಾರವಾದ ಹಿಪ್ಪುನೇರಳೆಯನ್ನೂ ಹಿಡಿದು, ನೆರೆಯ ರಾಜ್ಯಗಳಿಗೂ ಹಬ್ಬಿತು. ಅದರ ಮೈಮೇಲೆ ಮೇಣದ ಹೊದಿಕೆ ಇರುವುದರಿಂದ ಔಷಧ ಸಿಂಪಡಿಸಿದರೂ ತಾಗುವುದು ಕಡಿಮೆ. ರೈತರು ಗಿಡಗಳನ್ನು ಕಿತ್ತು ಸುಡುವ ಸ್ಥಿತಿ ಬಂದಿತು. ಆದರೆ ಆ ತಿಗಣೆ ಅನಾಮಧೇಯವಾಗಿರಲಿಲ್ಲ. 1992ರಲ್ಲೇ ಮೆಕ್ಸಿಕೋ ದೇಶದ ಮಾದರಿಗಳಿಂದ ಅದನ್ನು ವರ್ಣಿಸಿ ಪ್ಯಾರಾಕಾಕಸ್ ಮಾರ್ಜಿನೇಟಸ್ ಎಂದು ಹೆಸರಿಟ್ಟಿದ್ದರು. ಅದರ ಮೈಯೊಳಗೆ ಮೊಟ್ಟೆಯಿಟ್ಟು ಅದನ್ನು ಒಳಗಿನಿಂದಲೇ ತಿಂದು ಮುಗಿಸುವ ಒಂದು ಅತಿ ಸಣ್ಣ ಕಣಜವೂ ಅಮೆರಿಕ ಖಂಡದಲ್ಲಿತ್ತು. ಆ ಕಣಜಕ್ಕೆ 2003ರವರೆಗೆ ಹೆಸರೇ ಇರಲಿಲ್ಲ. ಆ ವರ್ಷ ಅದು ಅಸೆರೋಫೇಗಸ್ ಪಪಾಯೇ ಎಂದಾಯಿತು. 2010ರಲ್ಲಿ ಬೆಂಗಳೂರಿನಲ್ಲಿರುವ ಕೃಷಿ ಕೀಟಗಳ ರಾಷ್ಟ್ರೀಯ ಸಂಸ್ಥೆಯವರು ಇದನ್ನೂ ಇದರ ಜೊತೆಗೆ ಇನ್ನೆರಡು ಕಣಜಗಳನ್ನೂ ಪೋರ್ಟೊ ರಿಕೋ ದ್ವೀಪದಿಂದ ತರಿಸಿ, ಸಾಕಿ, ತೋಟಗಳಲ್ಲಿ ಬಿಟ್ಟರು. ಬಿಟ್ಟ ಕೆಲವೇ ತಿಂಗಳುಗಳಲ್ಲಿ ತಿಗಣೆಯ ಹಾವಳಿ ಇಳಿಯಿತು. ಇಂದು ನಾವು ದಾದರಿನ ಮಾರುಕಟ್ಟೆಯಲ್ಲಿ ಪಪ್ಪಾಯಿಯನ್ನು ಕೊಳ್ಳುವಾಗ ಆ ಕಣಜವನ್ನು ಯಾರು ನೆನೆಯುತ್ತಾರೆ? ಸೂಕ್ಷ್ಮದರ್ಶಕದ ಮೇಲೆ ಬಾಗಿ, ಚುಕ್ಕೆಯಷ್ಟಿರುವ ಹುಳುವಿನ ಕುಡಿಮೀಸೆಯ ಗಂಟುಗಳನ್ನು ಎಣಿಸಿ ಅದಕ್ಕೆ ಹೆಸರಿಟ್ಟವರಿಗಾದರೂ ಕೊಯಮತ್ತೂರಿನ ರೈತನ ಕಷ್ಟ ಆಗ ತಿಳಿದಿರಲಿಲ್ಲ.

ಹೆಸರು ತಪ್ಪಿದರೆ ಏನಾಗುತ್ತದೆ ಎಂಬುದಕ್ಕೂ ದೃಷ್ಟಾಂತವಿದೆ. 1970ರ ದಶಕದಲ್ಲಿ ಆಫ್ರಿಕದ ಕೋಟ್ಯಂತರ ಬಡವರ ಆಹಾರವಾದ ಮರಗೆಣಸಿಗೆ ಇನ್ನೊಂದು ಹಿಟ್ಟು ತಿಗಣೆ ಬಿದ್ದಿತು. ಮರಗೆಣಸಿನ ತವರು ದಕ್ಷಿಣ ಅಮೆರಿಕವಾದುದರಿಂದ ವಿಜ್ಞಾನಿಗಳು ಅಲ್ಲಿ ಅದರ ಶತ್ರುವನ್ನು ಅರಸಿದರು. ಖಂಡದ ಉತ್ತರ ಭಾಗದಲ್ಲಿ ಅದೇ ಎಂದು ತೋರುವ ತಿಗಣೆ ಸಿಕ್ಕಿತು. ಅದರ ಮೇಲೆ ಬದುಕುವ ಕಣಜಗಳೂ ಸಿಕ್ಕಿದವು. ಆದರೆ ಆ ಕಣಜಗಳು ಆಫ್ರಿಕದ ತಿಗಣೆಯ ಮೇಲೆ ನೆಲೆಗೊಳ್ಳಲಿಲ್ಲ. ಸೂಕ್ಷ್ಮವಾಗಿ ಪರೀಕ್ಷಿಸಿದಾಗ ಅವೆರಡೂ ನೋಡಲು ಒಂದೇ ತರಹದ, ಆದರೆ ಬೇರೆ ಬೇರೆ ಪ್ರಭೇದಗಳೆಂದು ತಿಳಿಯಿತು. ನಿಜವಾದ ತಿಗಣೆಯೂ ಅದರ ಶತ್ರುವಾದ ಕಣಜವೂ 1981ರಲ್ಲಿ ಬಹಳ ದಕ್ಷಿಣಕ್ಕಿರುವ ಪರಾಗ್ವೇ ದೇಶದಲ್ಲಿ ದೊರೆತವು. ಆ ಕಣಜವನ್ನು ಆಫ್ರಿಕದಲ್ಲಿ ಬಿಟ್ಟು ಹಾವಳಿಯನ್ನು ತಗ್ಗಿಸಿದ ಹನ್ಸ್ ಹೆರೆನ್ ಎಂಬವರಿಗೆ 1995ರ ವಿಶ್ವ ಆಹಾರ ಪ್ರಶಸ್ತಿ ಸಂದಿತು. ಇದು ದೂರದ ಮಾತೆಂದು ತಿಳಿಯಬೇಡಿ. ಅದೇ ತಿಗಣೆ 2020ರಲ್ಲಿ ಕೇರಳಕ್ಕೆ ಬಂದಿತು, ಅಲ್ಲಿಂದ ತಮಿಳುನಾಡಿಗೆ ಹಬ್ಬಿತು. ಏಕಾದಶಿಯ ದಿನ ನಮ್ಮ ಮನೆಗಳಲ್ಲಿ ಬೇಯುವ ಸಾಬೂದಾಣಿ, ಅಂದರೆ ಸಬ್ಬಕ್ಕಿ, ಸೇಲಂ ಕಡೆಯ ಅದೇ ಮರಗೆಣಸಿನಿಂದ ಆದದ್ದು. ಪರಾಗ್ವೇಯಲ್ಲಿ ಸಿಕ್ಕಿದ ಕಣಜವನ್ನು ಈಗ ನಮ್ಮಲ್ಲಿಯೂ ತರಿಸಿ ಬಿಟ್ಟಿದ್ದಾರೆ.

ಆದುದರಿಂದ ಯಾವ ಹುಳು ಎಂಬ ಪ್ರಶ್ನೆಯ ಜೊತೆಗೆ ಎಲ್ಲಿಯ ಹುಳು ಎಂಬ ಪ್ರಶ್ನೆಯೂ ಸಮಾನವಾದ ತೂಕದ್ದು. ನಮ್ಮ ಮನೆಗಳ ಗೋಡೆಯಲ್ಲಿ ಮಣ್ಣಿನ ಗೂಡು ಕಟ್ಟುವ ಕಣಜವನ್ನು ನಾವು ಕುಂಬಾರ ಹುಳುವೆನ್ನುತ್ತೇವೆ. ನೆರೆಯ ಮರಾಠಿ ಮನೆಯವರು ಕುಂಭಾರೀಣ ಎನ್ನುತ್ತಾರೆ. ಇವುಗಳಲ್ಲಿ ಜೇಡಗಳನ್ನು ಹಿಡಿದು ತಂದು ಗೂಡಿನಲ್ಲಿ ತುಂಬುವ ಒಂದಕ್ಕೆ ಡೆನ್ಮಾರ್ಕಿನ ಫ್ಯಾಬ್ರೀಷಿಯಸ್ ಎಂಬ ವಿದ್ವಾಂಸನು 1781ರಲ್ಲಿ ಇಟ್ಟ ಹೆಸರಿನಲ್ಲಿ ಮದರಾಸುಪಟ್ಟಣದ ಹೆಸರು ಇಂದಿಗೂ ಉಳಿದಿದೆ: ಸೆಲಿಫ್ರಾನ್ ಮದ್ರಾಸ್‌ಪಟಾನಮ್. ನಗರದ ಹೆಸರು ಚೆನ್ನೈ ಎಂದಾದರೂ ಹುಳುವಿನ ಹೆಸರು ಬದಲಾಗಲಿಲ್ಲ! ಆ ಕಾಲದ ಎಲ್ಲ ಹುಳುಗಳಿಗೂ ಇಂಥ ಅದೃಷ್ಟವಿರಲಿಲ್ಲ. ಎಷ್ಟೋ ಹಳೆಯ ಮಾದರಿಗಳಿಗೆ ಅಂಟಿಸಿದ ಚೀಟಿಯಲ್ಲಿ "ಇಂಡಿಯಾ" ಎಂಬ ಒಂದೇ ಶಬ್ದವಿತ್ತು. ಹಿಮಾಲಯವೂ ಇಂಡಿಯಾ, ಕಾರವಾರವೂ ಇಂಡಿಯಾ. ಅಂಥ ಚೀಟಿಯಿಂದ ಯಾರಿಗೆ ಏನು ತಿಳಿಯಬೇಕು?

ಈ ವಿಷಯದಲ್ಲಿ ನಮ್ಮ ನಾಡಿಗೂ ಈ ನಗರಕ್ಕೂ ಒಂದು ಹಳೆಯ ನಂಟಿದೆ. 1883ರಲ್ಲಿ ಎಂಟು ಮಂದಿ ನಾಗರಿಕರು ಸೇರಿ ಇಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯನ್ನು ಸ್ಥಾಪಿಸಿದರು. ಅವರಲ್ಲೊಬ್ಬರಾದ ಐಟ್ಕನ್ ಎಂಬವರು ಸುಂಕ ಮತ್ತು ಉಪ್ಪಿನ ಇಲಾಖೆಯ ಅಧಿಕಾರಿ. ಅವರೂ, ಡೇವಿಡ್‌ಸನ್ ಮತ್ತು ಬೆಲ್ ಎಂಬ ಇನ್ನಿಬ್ಬರು ಅಧಿಕಾರಿಗಳೂ ಉತ್ತರ ಕನ್ನಡ ಜಿಲ್ಲೆಯಲ್ಲಿ ಕೆಲಸದಲ್ಲಿದ್ದಾಗ, ಅಲ್ಲಿಯ ಚಿಟ್ಟೆಗಳನ್ನೂ ಅವುಗಳ ಮರಿಹುಳುಗಳನ್ನೂ ಅವು ತಿನ್ನುವ ಗಿಡಗಳನ್ನೂ ಗುರುತಿಸಿ, ಆ ಸಂಘದ ಪತ್ರಿಕೆಯಲ್ಲಿ 1890ರ ದಶಕದಲ್ಲಿ ಪ್ರಕಟಿಸಿದರು. ಅವರು ಹುಳುಗಳನ್ನು ನೋಡಿದ್ದು ಕಚೇರಿಯ ಕೆಲಸ ಮುಗಿದ ಮೇಲೆ. ಉಪ್ಪಿನ ಲೆಕ್ಕದ ದಫ್ತರಗಳು ಎಲ್ಲಿ ಹೋದವೋ. ಚಿಟ್ಟೆಗಳ ಪಟ್ಟಿ ಮಾತ್ರ ಇಂದಿಗೂ ಓದಲ್ಪಡುತ್ತಿದೆ. ಆಗ ಇದ್ದುದು ಈಗ ಇದೆಯೇ, ಇಲ್ಲವೇ ಎಂದು ಹೋಲಿಸಿ ನೋಡಲು ಬೇರೆ ಆಧಾರಗಳು ಬಹಳ ಕಡಿಮೆ.

ಇಲ್ಲಿ ಒಂದು ಸೂಕ್ಷ್ಮವಾದ ಮಾತನ್ನೂ ಹೇಳಬೇಕಾಗಿದೆ. ಕೀಟಭೃಂಗ ನ್ಯಾಯವನ್ನು ನೀವು ಹಿರಿಯರ ಬಾಯಲ್ಲಿ ಕೇಳಿರಬಹುದು. ಭೃಂಗವು ಸಾಮಾನ್ಯ ಹುಳುವನ್ನು ತಂದು ಮಣ್ಣಿನ ಗೂಡಿನಲ್ಲಿಟ್ಟು, ಅದರ ಸುತ್ತ ಗುಂಯ್ಗುಟ್ಟುತ್ತಿರಲು, ಆ ಹುಳು ಅದನ್ನೇ ಧ್ಯಾನಿಸಿ ಭೃಂಗವೇ ಆಗುತ್ತದೆಂಬ ನಂಬಿಕೆ. ಗುರುಶಿಷ್ಯರ ಸಂಬಂಧವನ್ನು ಹೇಳುವ ಉಪಮಾನವಾಗಿ ಇದು ಬಹಳ ಸುಂದರವಾದುದು. ಅದನ್ನು ಕಳೆದುಕೊಳ್ಳಬೇಕೆಂದು ನಾನು ಹೇಳುವುದಿಲ್ಲ. ಆದರೆ ಗೂಡಿನೊಳಗೆ ನಡೆಯುವುದು ಬೇರೆ. ಕಣಜವು ಹುಳುವನ್ನು ಕುಟುಕಿ ನಿಶ್ಚೇಷ್ಟಿತವಾಗಿ ಮಾಡಿ, ತನ್ನ ಮೊಟ್ಟೆಯ ಜೊತೆಯಲ್ಲಿ ಅದನ್ನಿಟ್ಟು ಬಾಗಿಲು ಮುಚ್ಚುತ್ತದೆ. ಮೊಟ್ಟೆಯಿಂದ ಹೊರಟ ಮರಿಗೆ ಅದೇ ಬುತ್ತಿ. ಚೀನಾ ದೇಶದಲ್ಲಿಯೂ ಇಂಥದೇ ನಂಬಿಕೆ ಇತ್ತು. ಅಲ್ಲಿ ಸುಮಾರು 1500 ವರ್ಷಗಳ ಹಿಂದೆ ಟಾವ್ ಹೊಂಗ್‌ಜಿಂಗ್ ಎಂಬ ವೈದ್ಯಪಂಡಿತನು ಕಣಜವು ಮೊಟ್ಟೆಯಿಡುವುದನ್ನು ಗಮನಿಸಿ, ಆ ಹುಳು ಮರಿಗಳ ಆಹಾರವೆಂದು ಬರೆದಿಟ್ಟನು. ಗೂಡು ಅವನ ದೇಶದಲ್ಲೂ ಇತ್ತು, ನಮ್ಮ ದೇಶದಲ್ಲೂ ಇತ್ತು, ನೋಡಲು ಕಣ್ಣುಗಳು ಎಲ್ಲರಿಗೂ ಇದ್ದವು.

ಇನ್ನು ಹೊಸ ಪ್ರಭೇದದ ಮಾತು. ಈ ನಡುವೆ ವೃತ್ತಪತ್ರಿಕೆಗಳಲ್ಲಿ ಹೊಸ ಜೀವಿಯ ಪತ್ತೆ ಎಂಬ ಸುದ್ದಿ ಆಗಾಗ ಬರುತ್ತದೆ. 2022ರಲ್ಲಿ ಬೆಂಗಳೂರಿನ ಏಟ್ರೀ ಸಂಸ್ಥೆಯ ವಿಜ್ಞಾನಿಗಳು ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದ ಒಂದು ಕಣಜವನ್ನು ವರ್ಣಿಸಿ, ಅದಕ್ಕಾಗಿ ಹೊಸದೊಂದು ಕುಲವನ್ನೇ ಸ್ಥಾಪಿಸಿ, ಅಲ್ಲಿಯ ಸೋಲಿಗ ಜನರ ಗೌರವಾರ್ಥವಾಗಿ ಸೋಲಿಗ ಎಕ್ಯಾರಿನೇಟ ಎಂದು ಕರೆದರು. ಕನ್ನಡ ನಾಡಿನ ಒಂದು ಬುಡಕಟ್ಟಿನ ಹೆಸರು ಹೀಗೆ ಲೋಕದ ವಿಜ್ಞಾನಗ್ರಂಥಗಳಲ್ಲಿ ಸೇರಿದ್ದು ಸಂತೋಷದ ಸಂಗತಿ. 2021ರಲ್ಲಿ ನಮ್ಮ ನೆರೆಯ ಕಲ್ಯಾಣದ ಒಂದು ನೆಗೆಯುವ ಜೇಡಕ್ಕೆ, 2008ರ ನವೆಂಬರ್ 26ರ ದಾಳಿಯಲ್ಲಿ ಪ್ರಾಣವಿತ್ತ ಪೊಲೀಸ್ ಅಧಿಕಾರಿ ತುಕಾರಾಮ ಓಂಬಳೆಯವರ ಹೆಸರನ್ನಿಟ್ಟರು. ಜೇಡವು ಎಂಟು ಕಾಲಿನದು, ಕೀಟವಲ್ಲ. ಆದರೂ ರೈಲು ಗಾಡಿಗಳು ಎಡೆಬಿಡದೆ ಓಡಾಡುವ ನಗರದಲ್ಲಿಯೂ ಹೆಸರಿಲ್ಲದ ಜೀವಿ ಉಳಿದಿತ್ತೆಂಬುದಕ್ಕೆ ಈ ಉದಾಹರಣೆ ಸಾಕು.

ಆದರೆ ಸುದ್ದಿಯನ್ನೋದಿದ ಮಕ್ಕಳು, ಕಾಡಿನಲ್ಲಿ ಯಾರೋ ಒಬ್ಬರು ಹುಳುವನ್ನು ಕಂಡು "ಇದು ಹೊಸದು!" ಎಂದು ಕೂಗಿದರೆಂದು ಭಾವಿಸುತ್ತಾರೆ. ಹೊಸದೆಂದು ಹೇಳಬೇಕಾದರೆ ಹಳೆಯದೆಲ್ಲವನ್ನೂ ಬಲ್ಲವರಾಗಿರಬೇಕು. ಬಿಂಗ್‌ಹ್ಯಾಮ್ ಎಂಬವರು 1897ರಲ್ಲಿ ಪ್ರಕಟಿಸಿದ, ಭಾರತ ಬರ್ಮಾಗಳ ಕಣಜ ಮತ್ತು ಜೇನುನೊಣಗಳನ್ನು ಕುರಿತ ದೊಡ್ಡ ಗ್ರಂಥದಂಥವುಗಳನ್ನೂ, ಅದರ ಅನಂತರದ ಲೇಖನಗಳನ್ನೂ ತಿರುವಿ, ಕಲ್ಕತ್ತೆ ಲಂಡನ್ನುಗಳ ಸಂಗ್ರಹಾಲಯಗಳಲ್ಲಿರುವ ಮೂಲ ಮಾದರಿಗಳೊಂದಿಗೆ ಹೋಲಿಸಿ, ಯಾವುದಕ್ಕೂ ಸರಿಹೊಂದದಿದ್ದರೆ ಮಾತ್ರ ವರ್ಣನೆಯನ್ನು ಬರೆದು ಪ್ರಕಟಿಸಬೇಕು. ಆಧಾರವಾದ ಮಾದರಿಯನ್ನು ಮುಂದಿನವರು ನೋಡುವಂತೆ ಸಂಗ್ರಹಾಲಯಕ್ಕೆ ಒಪ್ಪಿಸಬೇಕು. 2012ರಲ್ಲಿ ಕೆಲವು ಫ್ರೆಂಚ್ ವಿಜ್ಞಾನಿಗಳು ಲೆಕ್ಕ ಹಾಕಿದಂತೆ, ಒಂದು ಜೀವಿಯನ್ನು ಮೊದಲು ಸಂಗ್ರಹಿಸಿದ ದಿನದಿಂದ ಅದಕ್ಕೆ ಹೆಸರು ದೊರೆಯುವವರೆಗೆ ಸರಾಸರಿ 21 ವರ್ಷಗಳು ಕಳೆಯುತ್ತವೆ. ಇಂದು ನಮ್ಮ ಮೊದಲನೆಯ ಇಯತ್ತೆಯಲ್ಲಿರುವ ಮಗು ಮದುವೆಯ ವಯಸ್ಸಿಗೆ ಬರುವಷ್ಟು ಕಾಲ! ಅಷ್ಟು ವರ್ಷ ಅದು ಪೆಟ್ಟಿಗೆಯಲ್ಲಿ ಸೂಜಿಗೆ ಚುಚ್ಚಿಕೊಂಡು ಕಾಯುತ್ತಿರುತ್ತದೆ. ಆಗ ಅದರ ಪರವಾಗಿ ಮಾತನಾಡುವುದು ಕೆಳಗಿನ ಚೀಟಿಯೊಂದೇ.

ಈ ಕಾರಣದಿಂದಲೇ, ಹೊಸ ಪ್ರಭೇದಕ್ಕೆ ಮಾತ್ರ ಕೀರ್ತಿ ಸಲ್ಲಿಸಿ, ತಿಳಿದ ಪ್ರಭೇದವನ್ನು ಹೊಸ ಸ್ಥಳದಲ್ಲಿ ಕಂಡವರನ್ನು ಉಪೇಕ್ಷಿಸುವ ರೂಢಿ ನನಗೆ ಒಪ್ಪಿಗೆಯಾಗುವುದಿಲ್ಲ. ಕೀಟಗಳ ಹಂಚಿಕೆಯ ಭೂಪಟವನ್ನು ಬಿಡಿಸುವಾಗ, ಹುಳು ಕಂಡ ಊರಿಗೆ ಒಂದು ಚುಕ್ಕೆ ಇಡುತ್ತಾರೆ. ಚುಕ್ಕೆ ಇಲ್ಲದ ಊರಿನಲ್ಲಿ ಆ ಹುಳು ಇಲ್ಲವೆಂದು ಅರ್ಥವೇ? ಅನೇಕ ವೇಳೆ ಅಲ್ಲಿ ನೋಡಿದವರು ಇಲ್ಲವೆಂದಷ್ಟೇ ಅರ್ಥ. ಕಾಲೇಜು, ರಸ್ತೆ, ರೈಲು ಇರುವ ಕಡೆ ಚುಕ್ಕೆಗಳು ಗುಂಪಾಗಿರುತ್ತವೆ. ನಿಮ್ಮಲ್ಲಿ ಕೆಲವರು ಬೇಸಗೆಯ ರಜೆಯಲ್ಲಿ ಹೋಗುವ ಬಿಜಾಪುರ, ಕೊಪ್ಪಳ, ಕುಂದಾಪುರ ಕಡೆಯ ಅಜ್ಜಿಯ ಹಳ್ಳಿಗಳಲ್ಲಿ ಬಹುಶಃ ಯಾವ ಕಣಜಕ್ಕೂ ಒಂದು ಚುಕ್ಕೆಯೂ ಇರಲಾರದು. ಒಂದು ಮಗು ಎರಡು ಊರುಗಳನ್ನು ಬಲ್ಲುದಾದರೆ ಅದು ಸಣ್ಣ ಸಂಪತ್ತಲ್ಲ. ಊರು ಬಿಟ್ಟು ಬಂದವರ ಮಕ್ಕಳೆಂದು ನಮ್ಮನ್ನು ಕನಿಕರದಿಂದ ನೋಡುವವರಿಗೆ ಈ ಲಾಭ ತಿಳಿಯದು.

"ವಿಜ್ಞಾನವೆಲ್ಲ ಇಂಗ್ಲಿಷಿನಲ್ಲಿದೆ, ಕನ್ನಡ ಶಾಲೆಯ ಮಕ್ಕಳಿಗೆ ಇದು ಸಾಧ್ಯವೇ?" ಎಂದು ನನ್ನನ್ನು ಕೇಳಿದವರಿದ್ದಾರೆ. ಮೆಟ್ರಿಕ್ಕಿನವರೆಗೆ ಕನ್ನಡದಲ್ಲೇ ಓದಿದ ನಾನು ಈ ಪ್ರಶ್ನೆಗೆ ಹೆದರುವ ಕಾಲ ಮುಗಿದಿದೆ. 1758ರಲ್ಲಿ ಸ್ವೀಡನ್ನಿನ ಲಿನೇಯಸನು ಪ್ರಾಣಿಗಳಿಗೆ ಎರಡು ಶಬ್ದಗಳ ಹೆಸರನ್ನಿಡುವ ಪದ್ಧತಿಯನ್ನು ನೆಲೆಗೊಳಿಸಿದಾಗ ಬಳಸಿದ್ದು ಲ್ಯಾಟಿನ್ ಭಾಷೆಯನ್ನು. ಅದು ಇಂದು ಯಾರ ತಾಯ್ನುಡಿಯೂ ಅಲ್ಲ. ಆದುದರಿಂದ ಇಂಗ್ಲಿಷ್ ಶಾಲೆಯ ಹುಡುಗನಿಗೂ ನಿಮಗೂ ಅದು ಒಂದೇ ಸಮನಾಗಿ ಕಷ್ಟ. ಉಳಿದದ್ದು ಊರು, ತಾರೀಖು, ಹುಳು ಏನು ಮಾಡುತ್ತಿತ್ತೆಂಬ ವಿವರ. ಇವುಗಳನ್ನು ಕನ್ನಡದಲ್ಲಿ ಬರೆದರೆ ಸುಳ್ಳಾಗುತ್ತವೆಯೇ?

ಎಚ್ಚರಿಕೆಯ ಎರಡು ಮಾತುಗಳು. ಗೂಡಿಗೆ ಕೋಲು ಹಾಕಬಾರದು, ಕಲ್ಲೆಸೆಯಬಾರದು; ದೊಡ್ಡ ಕಡಜದ ಗೂಡಿನ ಹತ್ತಿರ ಸುಳಿಯಲೇಬಾರದು, ಅವುಗಳ ಗುಂಪಿನ ಕುಟುಕು ಪ್ರಾಣಾಪಾಯವನ್ನು ತರಬಲ್ಲದು. ಹುಳುವನ್ನು ಕೊಂದು ಸಂಗ್ರಹಿಸುವುದು ಬಲ್ಲವರ ಕೆಲಸ, ನಿಮ್ಮದಲ್ಲ. ತಂದೆಯವರ ಕಿಸೆಯಲ್ಲಿರುವ ಮೊಬೈಲಿನಿಂದ ದೂರ ನಿಂತು ತೆಗೆದ ಚಿತ್ರ ಸಾಕು. ಚಿತ್ರದಿಂದ ಎಲ್ಲ ಕಣಜಗಳನ್ನೂ ಪ್ರಭೇದದವರೆಗೆ ಗುರುತಿಸಲಾಗದು, ನಿಜ. ಆದರೆ ಹಸಿರು ನೀಲಿ ರತ್ನದಂತೆ ಹೊಳೆಯುತ್ತ, ತನಗಿಂತ ದೊಡ್ಡದಾದ ಜಿರಳೆಯನ್ನು ಕುಟುಕಿ, ಅದರ ಮೀಸೆಯನ್ನು ಹಿಡಿದು, ಹಗ್ಗ ಕಟ್ಟಿದ ದನದಂತೆ ಬಿಲದ ಕಡೆಗೆ ನಡೆಸಿಕೊಂಡು ಹೋಗುವ ಆಂಪುಲೆಕ್ಸ್ ಕಣಜವನ್ನು ಒಮ್ಮೆ ಕಂಡವರು ಮತ್ತೆ ಮರೆಯುವುದಿಲ್ಲ. ಜಿರಳೆಗಳಿಗೆ ನಮ್ಮ ನಗರದಲ್ಲಿ ಬರಗಾಲವಂತೂ ಇಲ್ಲ.

ಶಾಲೆಯ ವಾಚನಾಲಯದ ಕಪಾಟಿನಲ್ಲಿ, ನಿಘಂಟಿನ ಪಕ್ಕದಲ್ಲಿ, ಗೆರೆ ಹಾಕಿದ ಒಂದು ದೊಡ್ಡ ನೋಟ್‌ಪುಸ್ತಕವನ್ನು ಇರಿಸಿದ್ದೇನೆ. ಅದರಲ್ಲಿ ಐದು ಅಂಕಣಗಳಿವೆ: ದಿನಾಂಕ, ಸ್ಥಳ, ಗೂಡು ಎಲ್ಲಿ ಮತ್ತು ಯಾವುದರಿಂದ ಕಟ್ಟಿದ್ದು, ಹುಳು ಏನು ಮಾಡುತ್ತಿತ್ತು, ನೋಡಿದವರ ಹೆಸರು. ಹುಳುವಿನ ಹೆಸರಿಗೆಂದು ಕೊನೆಯಲ್ಲಿ ಸ್ವಲ್ಪ ಜಾಗ ಬಿಟ್ಟಿದೆ. ತಿಳಿಯದಿದ್ದರೆ ಅದು ಖಾಲಿಯಾಗಿಯೇ ಇರಲಿ, ಮುಂದೆ ಬಲ್ಲವರು ಬಂದು ತುಂಬುವರು. ಸ್ಥಳದ ಅಂಕಣದಲ್ಲಿ ಮಾತ್ರ ಮುಂಬಯಿ ಎಂದು ಬರೆದು ಬಿಡಬೇಡಿ. ಯಾವ ಬೀದಿ, ಯಾವ ಕಟ್ಟಡ, ಎಷ್ಟನೆಯ ಮಾಳಿಗೆ, ಕಿಟಕಿ ಯಾವ ದಿಕ್ಕಿಗೆ, ಅಷ್ಟನ್ನೂ ಬರೆಯಿರಿ.