ತಂಡ ಊಹಿಸುವವರು ಗಲ್ಲಾ ನೋಡಲಿ

ಐ.ಪಿ.ಎಲ್. ಹರಾಜು ಸಮೀಪಿಸಿತೆಂದರೆ ಚಿತ್ರದುರ್ಗದ ಮಂಡಿಗಳಿಂದ ಹೊಸದುರ್ಗದ ತೆಂಗಿನಕಾಯಿ ಅಂಗಡಿಗಳವರೆಗೆ ಒಂದೇ ಚರ್ಚೆ: ಬೆಂಗಳೂರಿನ ರಾಯಲ್ ಚಾಲೆಂಜರ್ಸ್ ತಂಡ ಯಾರನ್ನು ಕೊಳ್ಳಲಿದೆ? ದಿನವೂ ಪೈಪೋಟಿಯಲ್ಲಿ ಸರಕು ಕೊಳ್ಳುವ ವರ್ತಕರೂ ಈ ವಿಷಯದಲ್ಲಿ ತಮ್ಮ ವೃತ್ತಿಯ ಅರಿವನ್ನು ಬದಿಗಿಟ್ಟು, ಕೇವಲ ಅಭಿಮಾನದಿಂದ ಪಟ್ಟಿ ಸಿದ್ಧಪಡಿಸುವುದು ಸೋಜಿಗದ ಸಂಗತಿ.

2024ರ ನವೆಂಬರ್ 24 ಮತ್ತು 25ರಂದು ಸೌದಿ ಅರೇಬಿಯಾದ ಜೆಡ್ಡಾದಲ್ಲಿ ನಡೆದ ಮಹಾ ಹರಾಜನ್ನೇ ಪರಿಶೀಲಿಸಬಹುದು. ಪ್ರತಿ ತಂಡಕ್ಕೂ ನಿಗದಿಯಾಗಿದ್ದ ಮೊತ್ತ 120 ಕೋಟಿ ರೂ. ವಿರಾಟ್ ಕೊಹ್ಲಿ (21 ಕೋಟಿ), ರಜತ್ ಪಾಟೀದಾರ್ (11 ಕೋಟಿ) ಮತ್ತು ಯಶ್ ದಯಾಳ್ (5 ಕೋಟಿ) ಅವರನ್ನು ಉಳಿಸಿಕೊಂಡ ಬೆಂಗಳೂರಿನ ಕೈಯಲ್ಲಿದ್ದದ್ದು 83 ಕೋಟಿ. ಕನಿಷ್ಠ 18 ಆಟಗಾರರಿರಬೇಕೆಂಬ ನಿಯಮದಂತೆ ಇನ್ನೂ 15 ಜನ ಬೇಕಿತ್ತು. ಅಂದರೆ ಸರಾಸರಿ ತಲೆಗೆ ಸುಮಾರು ಐದೂವರೆ ಕೋಟಿ. ಕನ್ನಡಿಗ ಕೆ.ಎಲ್. ರಾಹುಲ್ ಮರಳುವರೆಂದು ನಾಡಿನಾದ್ಯಂತ ನಿರೀಕ್ಷೆಯಿತ್ತು. ಬೆಂಗಳೂರು ಸವಾಲು ಕೂಗಿ ನಡುವೆಯೇ ಹಿಂದೆ ಸರಿಯಿತು. 14 ಕೋಟಿಗೆ ಅವರು ದೆಹಲಿಯ ಪಾಲಾದರು.

ಮೊದಲ ದಿನದ ಕೊನೆಗೆ ಬೆಂಗಳೂರು ಕೊಂಡದ್ದು ಆರು ಜನರನ್ನು ಮಾತ್ರ. ಉಳಿದ ಹಣ 30.65 ಕೋಟಿ. ಅಭಿಮಾನಿಗಳ ಅಸಮಾಧಾನಕ್ಕೆ ಮಿತಿಯಿರಲಿಲ್ಲ. ಮರುದಿನ ಅದೇ ಹಣದಲ್ಲಿ ಭುವನೇಶ್ವರ್ ಕುಮಾರ್ (10.75 ಕೋಟಿ), ಕೃಣಾಲ್ ಪಾಂಡ್ಯ (5.75 ಕೋಟಿ), ಟಿಮ್ ಡೇವಿಡ್ (3 ಕೋಟಿ) ಮೊದಲಾದವರು ಬಂದರು. ಭುವನೇಶ್ವರ್ ಮತ್ತು ಡೇವಿಡ್ ಇಬ್ಬರ ಬೆಲೆ ಕೂಡಿದರೂ ರಾಹುಲ್ ಅವರೊಬ್ಬರ ಬೆಲೆಗಿಂತ 25 ಲಕ್ಷ ಕಡಿಮೆ! 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ತಂಡವು ಪಂಜಾಬನ್ನು 6 ರನ್ನುಗಳಿಂದ ಸೋಲಿಸಿ, 18ನೆಯ ಋತುವಿನಲ್ಲಿ ಮೊದಲ ಪ್ರಶಸ್ತಿ ಗಳಿಸಿತು, ಪಂದ್ಯಶ್ರೇಷ್ಠರು ಕೃಣಾಲ್. ಇದರಿಂದ ರಾಹುಲ್ ಅವರಿಗೇನೂ ಕುಂದಿಲ್ಲ. ದೆಹಲಿಯ ಪರವಾಗಿ ಅವರು ಆ ವರ್ಷ 500ಕ್ಕೂ ಹೆಚ್ಚು ರನ್ ಗಳಿಸಿದರು. ಊಹೆ ತಪ್ಪಿದ್ದು ಆಟಗಾರನ ಗುಣದಲ್ಲಲ್ಲ, ಹಣದ ಲೆಕ್ಕದಲ್ಲಿ.

ಅಮೆರಿಕದ ಫುಟ್ಬಾಲಿನಲ್ಲಿ ಹಿಂದಿನ ವರ್ಷ ಹಿಂದುಳಿದ ತಂಡಕ್ಕೆ ಮೊದಲ ಆಯ್ಕೆಯ ಹಕ್ಕು. ಅಲ್ಲಿ ಸರದಿ ತಿಳಿದರೆ ಊಹೆ ಬಹುಪಾಲು ಸಾಧ್ಯ. ನಮ್ಮ ಹರಾಜಿನಲ್ಲಾದರೋ ಎದುರಾಳಿಯ ಗಲ್ಲಾದಲ್ಲಿ ಎಷ್ಟಿದೆ, ಅವನಿಗೆ ಇನ್ನೂ ಏನು ಬೇಕಿದೆ ಎಂಬುದನ್ನು ತಿಳಿಯದೆ ಒಂದು ಹೆಸರನ್ನೂ ಹೇಳಲಾಗದು. ಹೊಳಲ್ಕೆರೆ, ಭೀಮಸಮುದ್ರದ ಅಡಿಕೆ ಖರೀದಿದಾರರಿಗೆ ಇದನ್ನು ಬೇರೆ ಹೇಳಬೇಕಿಲ್ಲ. ಆದರೂ ಸುಗ್ಗಿಯ ಮೊದಲ ವಾರದ ಆತುರದಲ್ಲಿ ಸಿ.ಸಿ. ಖಾತೆಯ ಮಿತಿಯನ್ನೆಲ್ಲ ಬರಿದು ಮಾಡಿಕೊಂಡು, ಧಾರಣೆ ಇಳಿದಾಗ ಬಡ್ಡಿ ಕಟ್ಟುತ್ತ ಕೂರುವ ಅಂಗಡಿಗಳು ವರ್ಷವರ್ಷವೂ ಕಾಣಸಿಗುತ್ತವೆ. ಬ್ಯಾಂಕಿನವರು ದಾಸ್ತಾನಿನ ಪಟ್ಟಿ ಕೇಳುವಾಗ ಕೊಂಡ ಬೆಲೆಯನ್ನೇ ಬರೆದು ಸಮಾಧಾನಪಡುವವರೂ ಉಂಟು. ಕೊಂಡ ಬೆಲೆ ಅಥವಾ ಮಾರಿದರೆ ನಿವ್ವಳ ಕೈಸೇರುವ ಬೆಲೆ, ಇವೆರಡರಲ್ಲಿ ಕಡಿಮೆಯದನ್ನೇ ಬರೆಯಬೇಕೆಂಬುದು ಲೆಕ್ಕಶಾಸ್ತ್ರದ ನಿಯಮ.

ಜೆಡ್ಡಾದಲ್ಲಿ 23.75 ಕೋಟಿಗೆ ಕೋಲ್ಕತ್ತದ ಪಾಲಾಗಿದ್ದ ವೆಂಕಟೇಶ್ ಅಯ್ಯರ್ ಅವರನ್ನು 2025ರ ಡಿಸೆಂಬರ್ 16ರ ಅಬುಧಾಬಿ ಹರಾಜಿನಲ್ಲಿ ಬೆಂಗಳೂರು 7 ಕೋಟಿಗೆ ಕೊಂಡಿತು. ಬೆಂಗಳೂರು ಬಿಟ್ಟುಕೊಟ್ಟಿದ್ದ ಲಿವಿಂಗ್‌ಸ್ಟನ್ ಅವರನ್ನು ಅಂದು ಮೊದಲ ಸುತ್ತಿನಲ್ಲಿ ಯಾರೂ ಕೇಳಲಿಲ್ಲ. ಅದೇ ದಿನ ಎರಡನೆಯ ಬಾರಿ ಹೆಸರು ಬಂದಾಗ ಹೈದರಾಬಾದ್ ತೆತ್ತದ್ದು 13 ಕೋಟಿ.