ಕಿಲ್ಲೆಯ ಮೇಲೆ ಬೆಳವಡಿಯ ಯುದ್ಧ

ದೀಪಾವಳಿ ಬಂತೆಂದರೆ ನಮ್ಮ ಡೊಂಬಿವಲಿಯ ಸೊಸೈಟಿಗಳಲ್ಲಿ ಮಕ್ಕಳು ಕಿಲ್ಲಾ ಕಟ್ಟುವುದು ಇಲ್ಲಿರುವ ಕನ್ನಡಿಗರಿಗೆಲ್ಲ ಗೊತ್ತೇ ಇದೆ. ಒಡೆದ ಇಟ್ಟಿಗೆ, ಗೋಣಿಚೀಲ, ಕೆಂಪು ಮಣ್ಣು. ಮೇಲೆ ಸಾಸಿವೆ ಚೆಲ್ಲಿದರೆ ನಾಲ್ಕು ದಿನಕ್ಕೆ ಹಸಿರು ಕಾಡು. ಬುರುಜುಗಳ ಮೇಲೆ ಮಾರ್ಕೆಟಿನಿಂದ ತಂದ ಮಣ್ಣಿನ ಮಾವಳೆಗಳು, ತುತ್ತತುದಿಯಲ್ಲಿ ಸಿಂಹಾಸನದ ಮೇಲೆ ಶಿವಾಜಿ ಮಹಾರಾಜರು. ರಾಯಗಡ, ಪ್ರತಾಪಗಡ, ಸಿಂಹಗಡ... ಎಲ್ಲ ಸೊಗಸು. ನನ್ನ ತಕರಾರು ಒಂದೇ. ಎದುರಿಗೆ ವೈರಿಯೇ ಇರುವುದಿಲ್ಲ! ಆ ಬಡಪಾಯಿ ಮಾವಳೆಗಳು ಯಾರ ಮೇಲೆ ಕತ್ತಿ ಎತ್ತಬೇಕು?

ಅದಕ್ಕೇ ಭಾವುಬೀಜ್ ಮುಗಿದ ಮೇಲೆ, ಮಕ್ಕಳು ಕಿಲ್ಲಾ ಕೆಡವುವ ಮೊದಲು, ನಾವು ನಾಲ್ಕು ಜನ ಅದರ ಮೇಲೆ ಆಟ ಆಡುತ್ತೇವೆ. ನಾನು, ನಿವೃತ್ತ ಮರಾಠಿ ಮೇಷ್ಟ್ರು (ನಮಗೆಲ್ಲ ‘ಸರ್’), ರೈಲ್ವೆಯವರೊಬ್ಬರು, ಹೋಟೆಲಿನ ಶೆಟ್ರು. ನಗಬೇಡಿ. ಇಂಗ್ಲಿಷ್ ಲೇಖಕ ಎಚ್. ಜಿ. ವೆಲ್ಸ್ 1913ರಲ್ಲೇ ಆಟಿಕೆ ಸೈನಿಕರ ಯುದ್ಧಕ್ಕೆ ನಿಯಮಗಳ ಪುಸ್ತಕ ಬರೆದಿದ್ದಾನೆ, ‘ಲಿಟಲ್ ವಾರ್ಸ್’ ಅಂತ. ಅವನದು ಆಟಿಕೆ ಫಿರಂಗಿಯಿಂದ ನಿಜವಾಗಿಯೇ ಹೊಡೆದು ಬೀಳಿಸುವ ಆಟ. ನಮ್ಮ ಮಣ್ಣಿನ ಮಾವಳೆಗಳು ಒಡೆದರೆ ಮಕ್ಕಳು ನಮ್ಮನ್ನು ಬಿಟ್ಟಾರೆಯೇ? ಆದ್ದರಿಂದ ನಮ್ಮದು ದಾಳ. ಕಾಲಾಳಿಗೆ 6 ಇಂಚು ನಡೆ, ಕುದುರೆಗೆ 12. ಅಳೆಯಲು ಶೆಟ್ರ ಮಗಳ ಟೇಪು.

ಈ ಸಲ ನಾನೇ ಬಾಯಿ ಬಿಟ್ಟೆ. ‘ಬೆಳವಡಿ ಆಡೋಣು.’

ನಾನು ಬೈಲಹೊಂಗಲ ಕಡೆಯವನು. ಬೆಳವಡಿ ಮಲ್ಲಮ್ಮನ ಕಥೆ ನನಗೆ ಅಜ್ಜಿಯಿಂದ ಬಂದದ್ದು. 1678ರಲ್ಲಿ ಶಿವಾಜಿ ದಕ್ಷಿಣದ ದಂಡಯಾತ್ರೆ ಮುಗಿಸಿ ಹಿಂದಿರುಗುವಾಗ ಮರಾಠಾ ಸೈನ್ಯಕ್ಕೂ ಈ ಪುಟ್ಟ ಕೋಟೆಗೂ ಜಗಳ ಹತ್ತಿತು. ಮರಾಠರ ದನಗಳನ್ನು ಬೆಳವಡಿಯವರು ಹೊಡೆದುಕೊಂಡು ಹೋದರು ಅಂತ ಅವರ ಕಡೆಯ ಮಾತು. ಮರಾಠಾ ಸೈನಿಕರೇ ನಮ್ಮೂರ ದನ ಹಿಡಿದರು ಅಂತ ನಮ್ಮ ಕಡೆಯ ಮಾತು. ಹೆಸರು ಕೂಡ ಎರಡು. ನಮಗೆ ಮಲ್ಲಮ್ಮ, ಅವರಿಗೆ ಸಾವಿತ್ರೀಬಾಯಿ. ಜದುನಾಥ ಸರ್ಕಾರರ ಪ್ರಕಾರ ಆ ಹೆಣ್ಣುಮಗಳು ಕೋಟೆಯನ್ನು 27 ದಿನ ಕಾದಳು. ಇದರಲ್ಲಿ ಮಾತ್ರ ಎರಡು ಕಡೆಯವರಿಗೂ ಜಗಳವಿಲ್ಲ.

ಸರ್ ಸುಮ್ಮನಾದರು. ಮೂವತ್ತು ವರ್ಷದ ಸ್ನೇಹ ನಮ್ಮದು, ಆದರೆ ಟಿವಿಯಲ್ಲಿ ಬೆಳಗಾವಿ ಗಲಾಟೆ ಬಂದಾಗೆಲ್ಲ ಇಬ್ಬರೂ ಮಾತು ಬದಲಿಸಿದವರೇ. ಅಷ್ಟರಲ್ಲಿ ಬೆಂಚಿನ ಮೇಲಿದ್ದ ಹಿರಿಯರೊಬ್ಬರು ಕೇಳಿಸಿಕೊಂಡು, ‘ಆಟದಲ್ಲಿ ಮಹಾರಾಜರು ಸೋತರೆ?’ ಅಂದರು. ತಮಾಷೆಯ ಧ್ವನಿ ಅಲ್ಲ ಅದು. ಸರ್ ಎದ್ದು ಸಿಂಹಾಸನದ ಮೂರ್ತಿಯನ್ನು ಎರಡೂ ಕೈಯಲ್ಲಿ ಎತ್ತಿ ತುಳಸಿಕಟ್ಟೆಯ ಮೇಲಿಟ್ಟು ಬಂದರು. ‘ಮಹಾರಾಜ್ ಆಟದ ಕಾಯಿ ಅಲ್ಲ. ಆಡುವವರು ನಾವು, ಸೋತರೆ ನಾವೇ.’ ಹಿರಿಯರು ಕುರ್ಚಿ ಎಳೆದುಕೊಂಡು ನೋಡಲು ಕೂತರು.

ಚೀಟಿ ಎತ್ತಿದೆವು. ನನಗೆ ಬಂದದ್ದು ಮರಾಠಾ ಸೈನ್ಯ, ಸರ್‌ಗೆ ಮಲ್ಲಮ್ಮ!

ಒಂದು ಸುತ್ತಿಗೆ ಒಂದು ದಿನ. ಮುತ್ತಿಗೆಯಲ್ಲಿ ಕತ್ತಿಗಿಂತ ಕಾಳು ದೊಡ್ಡದು, ಆದ್ದರಿಂದ ಕೋಟೆಯ ದವಸದ ಲೆಕ್ಕ ಬ್ಯಾಂಕಿನವನಾದ ನನಗೇ ಬಿತ್ತು. ಜಮಾ ಇಲ್ಲ, ಬರೀ ಖರ್ಚು. ಮೊದಲ ಮೂರು ದಿನ ನಾನು ಅರೆಮನಸ್ಸಿನಿಂದಲೇ ದಾಳ ಎಸೆದೆ. ಐದನೇ ದಿನ ಸರ್ ರಾತ್ರಿ ಬಾಗಿಲು ತೆರೆಸಿ ನನ್ನ ಹನ್ನೆರಡು ಎತ್ತುಗಳನ್ನು ಒಳಗೆ ಹೊಡೆದುಕೊಂಡು ಹೋದರು. ನನಗೆ ಸಿಟ್ಟು ಬಂತು ನೋಡಿ! ಆಮೇಲೆ ನಾನು ಬೈಲಹೊಂಗಲದವನಾಗಿ ಉಳಿಯಲಿಲ್ಲ. ನೀರಿನ ದಾರಿ ಕಟ್ಟಿದೆ, ಒಂದೊಂದು ಪಡಿ ಕಾಳು ಎಣಿಸಿದೆ, ಅಜ್ಜಿಯ ಮಲ್ಲಮ್ಮ ಯಾವಾಗ ಹಸಿದು ಬಾಗಿಲು ತೆಗೆದಾಳು ಅಂತ ಕಾದೆ. ಅತ್ತ ಸರ್ ಒಂದೊಂದು ಮಾವಳೆ ಬಿದ್ದಾಗಲೂ ‘ಅರೇ ದೇವಾ’ ಅನ್ನುತ್ತಿದ್ದರು. ಎರಡೂ ಕಡೆಯ ಸೈನಿಕರು ಒಂದೇ ಅಚ್ಚಿನ ಮಾವಳೆಗಳು. ಗುರುತಿಗೆ ಸರ್ ಕಡೆಯವರ ಕೊರಳಿಗೆ ಹಳದಿ ದಾರ ಕಟ್ಟಿದ್ದೆವು, ಅಷ್ಟೇ.

24ನೇ ದಿನ ಕೋಟೆ ಬಿತ್ತು. ಇತಿಹಾಸದ ಮಲ್ಲಮ್ಮ ನಮ್ಮ ಸರ್‌ಗಿಂತ 3 ದಿನ ಹೆಚ್ಚು ತಡೆದಿದ್ದಳು.

ನನ್ನ ಅಭಿಪ್ರಾಯಕ್ಕೆ ಬರುತ್ತೇನೆ. ಮಕ್ಕಳ ಕಿಲ್ಲೆಯ ಎದುರು ಒಂದು ಎದುರಾಳಿ ದಂಡನ್ನೂ ಇಡಿಸಿ, ಮತ್ತು ಚೀಟಿ ಎತ್ತಿಸಿ. ತಮ್ಮ ನಾಯಕನ ಕಡೆಗೇ ಯಾವಾಗಲೂ ಕೂರುವವರಿಗೆ ಆ ನಾಯಕ ಎಷ್ಟು ಗಟ್ಟಿ ಅಂತ ತಿಳಿಯುವುದೇ ಇಲ್ಲ. ಮಲ್ಲಮ್ಮ ಏನು ಅಂತ ನನಗೆ ತಿಳಿದದ್ದು ಅವಳ ಕಾಳು ಎಣಿಸಿದಾಗ. ನಮ್ಮ ಸಂಘದ ಭಾಷಣಗಳಲ್ಲಿ ನೂರು ಸಲ ಅವಳಿಗೆ ಜೈ ಅಂದಿದ್ದೇನೆ, ಒಮ್ಮೆಯೂ ತಿಳಿದಿರಲಿಲ್ಲ.

ಧಾರವಾಡದ ಹತ್ತಿರ ಯಾದವಾಡದಲ್ಲಿ ಒಂದು ಕಲ್ಲಿದೆ. ಮಡಿಲಲ್ಲಿ ಮಗುವನ್ನು ಕೂರಿಸಿಕೊಂಡ ಶಿವಾಜಿ. ಯುದ್ಧ ಮುಗಿದ ಮೇಲೆ ಮಲ್ಲಮ್ಮನೇ ಕೆತ್ತಿಸಿದ್ದು ಅಂತ ನಮ್ಮ ಕಡೆ ಹೇಳುತ್ತಾರೆ. ಸರ್‌ಗೆ ಇದು ಗೊತ್ತಿರಲಿಲ್ಲ. ಅವರು ಹೇಳಿದ್ದು ನನಗೆ ಗೊತ್ತಿರಲಿಲ್ಲ: ಅವಳೊಂದಿಗೆ ಕೆಟ್ಟದಾಗಿ ನಡೆದುಕೊಂಡ ತನ್ನದೇ ಸರದಾರನಿಗೆ ಶಿವಾಜಿ ಕಠಿಣ ಶಿಕ್ಷೆ ಕೊಟ್ಟ ಅಂತ ಒಂದು ಕಥೆ ಇದೆಯಂತೆ. ಚಹಾ ತಣ್ಣಗಾಗುವವರೆಗೆ ಬೆಳಗಾವಿಯ ಬಗ್ಗೆಯೇ ಮಾತಾಡಿದೆವು.

ಮುಂದಿನ ದೀಪಾವಳಿಗೆ ಮತ್ತೆ ಬೆಳವಡಿ. ಈ ಸಲ ಮಲ್ಲಮ್ಮ ನನಗೆ ಬೇಕು ಅಂದೆ. ಸರ್ ಒಪ್ಪುತ್ತಿಲ್ಲ. ‘ಆ 3 ದಿನದ ಸಾಲ ಮೊದಲು ತೀರಿಸುತ್ತೇನೆ’ ಅನ್ನುತ್ತಾರೆ.