ಮೊದಲ ಆ್ಯಪ್‌ನಲ್ಲೇ ಕನ್ನಡವಿರಲಿ!

ಆ್ಯಪ್ ಕಟ್ಟಲು ಕಲಿಯುತ್ತಿರುವ ಕನ್ನಡದ ಹುಡುಗ ಹುಡುಗಿಯರೇ, ನಿಮ್ಮ ಮೊದಲ ಆ್ಯಪ್ ಏನೆನ್ನುತ್ತದೆ? 'ಹಲೋ ವರ್ಲ್ಡ್' ತಾನೆ! ಬೆಂಗಳೂರಿನಲ್ಲೇ ತಯಾರಾಗುವ ಎಷ್ಟೋ ಆ್ಯಪ್‌ಗಳಲ್ಲಿ ಕನ್ನಡವಿಲ್ಲವೆಂದು ನಾವು ಕೂಗುತ್ತೇವೆ. ಕೂಗಲೇಬೇಕು. ಆದರೆ ಆ ಗುಂಡಿಗಳ ಮೇಲೆ ಇಂಗ್ಲಿಷ್ ಬರೆಯುವ ಕೈಗಳಲ್ಲಿ ನಮ್ಮವರ ಕೈಯೂ ಇದೆಯಲ್ಲ!

ಆಂಡ್ರಾಯ್ಡ್ ಕನ್ನಡಕ್ಕೆ ಬಾಗಿಲು ಹಾಕಿಲ್ಲ. ಆಂಡ್ರಾಯ್ಡ್ ಸ್ಟುಡಿಯೋ ಬಿಟ್ಟಿಯಾಗಿ ಸಿಗುತ್ತದೆ. ತೆರೆಯ ಮೇಲೆ ಕಾಣುವ ಮಾತನ್ನು ಕೋಟ್ಲಿನ್ ಕೋಡ್‌ನೊಳಗೆ ತುರುಕಬೇಡಿ, 'ಸ್ಟ್ರಿಂಗ್ಸ್' ಕಡತದಲ್ಲಿಡಿ. 'ವ್ಯಾಲ್ಯೂಸ್' ಫೋಲ್ಡರಿನ ಪಕ್ಕದಲ್ಲೇ 'ವ್ಯಾಲ್ಯೂಸ್-ಕೆಎನ್' ಎಂಬ ಇನ್ನೊಂದನ್ನು ಮಾಡಿ, ಅದೇ ಹೆಸರಿನ ಕಡತವಿಟ್ಟು ಕನ್ನಡದಲ್ಲಿ ಬರೆಯಿರಿ. ಫೋನು ಕನ್ನಡದಲ್ಲಿದ್ದರೆ ಆ್ಯಪ್ ತಾನಾಗಿಯೇ ಕನ್ನಡ ತೋರಿಸುತ್ತದೆ. ಬರೆಯದೆ ಬಿಟ್ಟರೆ? ಮತ್ತೆ ಮೂಲ ಕಡತದ ಇಂಗ್ಲಿಷೇ ಗತಿ!

ಇನ್ನೊಂದು ಮಾತು. ಗುಂಡಿಯ ಎತ್ತರವನ್ನು ಇಂಗ್ಲಿಷಿನ ಅಳತೆಗೆ ಬಿಗಿದರೆ ನಮ್ಮ ಒತ್ತಕ್ಷರದ ಕಾಲು ಕತ್ತರಿಸಿ ಹೋಗುತ್ತದೆ. ಅಕ್ಷರಕ್ಕೆ ತಕ್ಕಂತೆ ಗುಂಡಿ ಹಿಗ್ಗಲು ಬಿಡಿ. ಹಾಗೆಂದು 'ಸಬ್‌ಮಿಟ್' ಅನ್ನುವುದಕ್ಕೆ 'ಸಲ್ಲಿಕೆಗೊಳಿಸಿ' ಎಂಬ ಕಚೇರಿ ಕನ್ನಡ ಬೇಡ ಮಾರಾಯರೇ, 'ಕಳಿಸಿ' ಸಾಕು. ಫೋನನ್ನು ಒಮ್ಮೆ ಅಜ್ಜಿಯ ಕೈಗೆ ಕೊಟ್ಟು ನೋಡಿ. ಓದಿ ಒತ್ತಲು ಅವರು ತಡವರಿಸಿದರೆ ಮತ್ತೆ ಬರೆಯಿರಿ.